ಮಾಂವ್ ತಂದ ಪಿಂಗಾಣಿ ತರಕಾರಿ

ನನ್ನ ಮಾವನವರು ಈ ಲೋಕದಲ್ಲಿ ಅತಿ ಹೆಚ್ಚು ಪ್ರೀತಿಸುವುದು ನನ್ನ ಅತ್ತೆಯನ್ನು. ಎರಡನೆಯ ಸ್ಥಾನ ಒಂದು ಕ್ಯಾಬೇಜಿಗೆ. ಈ ಕ್ರಮ ನಾನು ಹಾಕಿದ್ದು. ಅತ್ತೆಯನ್ನು ಕೇಳಿದರೆ, ಕ್ಯಾಬೇಜು ಮೊದಲು, ಆಮೇಲೆ ಕುಂಬಳಕಾಯಿ, ತಾವು ಎಲ್ಲೋ ಸೌತೆಕಾಯಿಯ ಆಚೆಗೆ ಎನ್ನುತ್ತಾರೆ.

ನಮ್ಮದು ಕೆಮ್ಮಣ್ಣಿನಲ್ಲಿ ಮನೆ. ಮನೆಯ ಮಾತು ಕೊಂಕಣಿ. ಮಾವನಿಗೆ ಮಾಂವ್, ಅತ್ತೆಗೆ ಮಾಂಯ್ ಎನ್ನುವುದು ನಮ್ಮ ರೂಢಿ. ಮಾಂವ್ ಹಡಗಿನ ಊಟದ ಸಾಲೆಯಲ್ಲಿ ಬಡಿಸುವ ಕೆಲಸದಲ್ಲಿದ್ದವರು. ಯಾರ್ಯಾರೋ ದೊರೆಗಳಿಗೆ ಬೆಳ್ಳಿಯ ಮುಚ್ಚಳ ತೆರೆದು ಬಡಿಸಿ ಬಡಿಸಿ, ನಿವೃತ್ತರಾಗಿ ಬಂದು ಕೂತ ಮೇಲೆ ನಮ್ಮ ಸ್ಟೀಲಿನ ಡಬ್ಬಗಳನ್ನು ನೋಡಿ ಅವರ ಮನಸ್ಸಿಗೆ ಎಂತದೋ ಆಯಿತು. ಒಂದು ದಿನ ಸಂತೆಕಟ್ಟೆಯ ಗುಜರಿ ಅಂಗಡಿಯಿಂದ ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿಕೊಂಡು ಒಂದು ಕ್ಯಾಬೇಜು ತಂದರು. ಪಿಂಗಾಣಿಯದ್ದು. ಯಾವ ಕಾಲದ್ದೋ, ಯಾವ ದೇಶದ್ದೋ. ಮೇಲಿನ ಎಲೆಗಳನ್ನು ಎತ್ತಿದರೆ ಮುಚ್ಚಳ, ಒಳಗೆ ಪಲ್ಯ ಹಾಕುವ ಜಾಗ. ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದರು. ಮಾಂಯ್ ಅದನ್ನು ಎತ್ತಿಕೊಂಡು ಹೋಗಿ ಈಳಿಗೆಮಣೆಗೆ ಒತ್ತಿದರು. ಟಣ್ ಎಂದಿತು.

"ನಿಮಗೆ ಯಾರು ಮಾರಿದ್ದು ಇಷ್ಟು ಬೆಳೆದ ಕ್ಯಾಬೇಜು?" ಎಂದು ಮಾಂಯ್ ಕೇಳಿದರು.

ಮಾಂವ್ ಸೋಪಿನ ಕೈಯಲ್ಲೇ ಓಡಿ ಬಂದು ಅದನ್ನು ಎದೆಗವಚಿಕೊಂಡರು. ಕೆಟ್ಟದ್ದೇನೂ ಆಗಿರಲಿಲ್ಲ. ಒಂದೆಲೆಗೆ ಸಣ್ಣ ಗೀರು. ಆದರೆ ಆವತ್ತಿನಿಂದ ನಮ್ಮ ಮನೆಯಲ್ಲಿ ಆ ಪಾತ್ರೆಯನ್ನು ತೊಳೆಯಲು ಹಳೆಯ ಬನಿಯನ್ನಿನ ತುಂಡು ಮಾತ್ರ. ತಂತಿಯ ಉಜ್ಜುವ ಬ್ರಷ್ಷು ಹಿಡಿದು ಅದನ್ನಿಟ್ಟ ಕಪಾಟಿನ ಹತ್ತಿರ ಹಾದುಹೋದರೂ ಮಾಂವ್ ಕೆಮ್ಮುತ್ತಾರೆ.

ಒಂದೇ ಪಾತ್ರೆಗೆ ನಿಂತಿದ್ದರೆ ನಾನೇಕೆ ಬರೆಯುತ್ತಿದ್ದೆ ಹೇಳಿ! ಕ್ಯಾಬೇಜಿನ ಹಿಂದೆ ಸಿಹಿಗುಂಬಳ ಬಂತು, ಸೌತೆ ಬಂತು, ಬಟಾಣಿಯ ಕೋಡು ಬಂತು. ಮಣಿಪಾಲದಲ್ಲಿ ಯಾರೋ ವಿದೇಶದ ಪ್ರೊಫೆಸರು ಮನೆ ಖಾಲಿ ಮಾಡುತ್ತಾರೆಂದು ಗಾಳಿಯಲ್ಲಿ ತೇಲಿ ಬಂದ ಸುದ್ದಿ ಹಿಡಿದು ಹೋಗಿ, ಹಸಿರು ಕಡ್ಡಿಗಳ ಕಟ್ಟಿನಂಥ ಉದ್ದನೆಯ ಪಾತ್ರೆಯೊಂದನ್ನು ತಂದರು. ಅದು ಆಸ್ಪರಾಗಸ್ ಅಂತೆ. ನಮ್ಮ ಏಳು ತಲೆಮಾರಿನಲ್ಲಿ ಯಾರೂ ತಿನ್ನದ ತರಕಾರಿ. ತಿನ್ನದಿದ್ದರೆ ಏನಂತೆ, ಇಟ್ಟುಕೊಂಡರಾಯಿತು ಎನ್ನುತ್ತೀರಾ? ಆಗುವುದಿಲ್ಲ. ಏಕೆಂದರೆ ಮಾಂವ್ ಅವರದ್ದೊಂದು ಕಾನೂನು ಉಂಟು. ಯಾವ ತರಕಾರಿಯ ಪಾತ್ರೆಯೋ ಅದರಲ್ಲಿ ಅದೇ ತರಕಾರಿ. ಕ್ಯಾಬೇಜಿಗೆ ಕ್ಯಾಬೇಜು, ಸೌತೆಗೆ ಸೌತೆ.

"ಹಾಗಾದರೆ ಇದಕ್ಕೆ ಎಂತ ಹಾಕುವುದು ಮಾಂವ್?"

ಅವರು ಪಾತ್ರೆಯನ್ನು ತಿರುಗಿಸಿ ನೋಡಿದರು. "ನುಗ್ಗೆ ಹಾಕು. ಇದು ನುಗ್ಗೆಗೆ ಸಂಬಂಧ."

"ಯಾವ ಕಡೆಯಿಂದ?" ಎಂದರು ಮಾಂಯ್.

"ಮದುವೆಯ ಕಡೆಯಿಂದ ಅಂತ ತಿಳಿದುಕೊ."

ಈ ಕಾನೂನು ಮುರಿದು ನಾನು ಸಿಕ್ಕಿಬಿದ್ದದ್ದು ಒಂದು ಭಾನುವಾರ. ನಮ್ಮ ಇಗರ್ಜಿಯ ಫಾದರ್ ಹೇಳದೆ ಊಟದ ಹೊತ್ತಿಗೆ ಬಂದರು. ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದು ಕುಂಬಳಕಾಯಿ. ಅದಕ್ಕೆ ಹಂದಿ ಮಾಂಸದ ಪದಾರ್ಥ ಸುರಿದು ಮೇಜಿನ ಮೇಲಿಟ್ಟೆ. ಫಾದರ್ ಜಪ ಮುಗಿಸಿ ಶಿಲುಬೆಯ ಗುರುತು ಹಾಕಿಕೊಂಡರು. ಮಾಂವ್ ಹಡಗಿನ ಗತ್ತಿನಲ್ಲಿ ಮುಚ್ಚಳ ಎತ್ತಿದರು. ಎತ್ತಿದ ಕೈ ಹಾಗೆಯೇ ನಿಂತಿತು.

"ಫಾದರ್, ಈ ಮನೆಯಲ್ಲಿ ಒಬ್ಬರಿಗೆ ಪಾಪನಿವೇದನೆ ಆಗಬೇಕು," ಎಂದು ನನ್ನ ಕಡೆ ನೋಡಿದರು.

ಫಾದರ್ ಕುಂಬಳಕಾಯಿಯೊಳಗೆ ಇಣುಕಿ, "ಶನಿವಾರ ಸಂಜೆ ಬರಲಿಕ್ಕೆ ಹೇಳಿ. ಈಗ ಸೌಟು ಎಲ್ಲಿ?" ಎಂದರು. ದೇವರು ನಮ್ಮ ಊರಿಗೆ ಒಳ್ಳೆಯ ಗುರುಗಳನ್ನೇ ಕೊಟ್ಟಿದ್ದಾನೆ.

ಹಾಗಲಕಾಯಿಯ ಕಥೆ ಇನ್ನೊಂದು. ಕುಕ್ಕರಿನ ಹಿಡಿ ಸಡಿಲಾಗಿದೆ, ಸಂತೆಕಟ್ಟೆಯಲ್ಲಿ ಸರಿ ಮಾಡಿಸಿಕೊಂಡು ಬನ್ನಿ ಎಂದು ಮಾಂವ್ ಅವರನ್ನು ಕಳುಹಿಸಿದ್ದೆ. ಬೆಳಿಗ್ಗೆ ಹೋದವರು ಸಂಜೆಗೆ ಬಂದರು, ಕುಕ್ಕರ್ ಬರಲಿಲ್ಲ. ಚೀಲದಲ್ಲಿ ಮೈತುಂಬ ಮುಳ್ಳುಮುಳ್ಳಾದ ಒಂದು ಹಾಗಲಕಾಯಿ. ರಿಪೇರಿಯ ಅಂಗಡಿಯಲ್ಲಿ ಯಾರೋ ಕಾರ್ಕಳದ ಒಂದು ಹಳೆ ಮನೆಯ ಸುದ್ದಿ ಹೇಳಿದರಂತೆ. ಇವರು ಅಲ್ಲಿಂದಲೇ ಬಸ್ಸು ಹತ್ತಿದರಂತೆ. ಆ ಮನೆಯ ಅಜ್ಜಿ ಕೋಳಿಗಳಿಗೆ ನೀರಿಡುತ್ತಿದ್ದದ್ದು ಈ ಪಾತ್ರೆಯಲ್ಲಂತೆ. ಬದಲಿಗೆ ಏನು ಕೊಡುತ್ತೀರಿ ಎಂದರೆ, ಇವರ ಕೈಯಲ್ಲಿ ಇದ್ದದ್ದು ನನ್ನ ಕುಕ್ಕರು!

"ಕುಕ್ಕರ್ ಎಲ್ಲಿ ಬೇಕಾದರೂ ಸಿಗ್ತದೆ ಬಾಯೆ. ಹಾಗಲ ಸಿಗುವುದಿಲ್ಲ," ಎಂದು ನನಗೇ ಸಮಾಧಾನ ಹೇಳಿದರು.

ಎರಡು ದಿನ ಕಳೆದು ಕಾರ್ಕಳದ ಅಜ್ಜಿಯ ಫೋನು. ಕುಕ್ಕರಿಗೆ ವಿಶಲ್ ಇಲ್ಲವಂತೆ. ಎಲ್ಲಿರುತ್ತದೆ? ನನ್ನ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಮಾಂವ್ ಅದನ್ನು ಕಿಸೆಯಲ್ಲಿಟ್ಟುಕೊಂಡು ಮತ್ತೆ ಕಾರ್ಕಳಕ್ಕೆ ಹೋದರು. ಬರುವಾಗ ಹಾಗಲಕಾಯಿಯ ಮುಚ್ಚಳ ತಂದರು. ಅಜ್ಜಿ ಅದನ್ನು ಉಪ್ಪಿನಕಾಯಿ ಭರಣಿಯ ಮೇಲೆ ಕವುಚಿಟ್ಟಿದ್ದರಂತೆ. ಪುಣ್ಯಕ್ಕೆ ನಾನು ವಿಶಲ್ ಕಳುಹಿಸಿರಲಿಲ್ಲ. ಇಲ್ಲದಿದ್ದರೆ ನಮ್ಮ ಹಾಗಲ ಬೋಳುತಲೆಯಲ್ಲೇ ಇರುತ್ತಿತ್ತು.

ಹೀಗೆ ನಗುತ್ತಾ ಇದ್ದ ಮನೆಯಲ್ಲಿ ಮಾಂಯ್ ಅವರ ಕಣ್ಣು ಮಸುಕಾಗತೊಡಗಿತು. ಮಣಿಪಾಲದ ಡಾಕ್ಟರು ಗ್ಲಾಕೋಮಾ ಎಂದರು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳುವ ಎಂದು ಕಣ್ಣಿಗೆ ಬಿಂದು ಬಿಂದು ಬಿಡುವ ಮದ್ದು ಕೊಟ್ಟರು. ಮಾಂಯ್ ಯಾರಿಗೂ ಕಷ್ಟ ಕೊಡಲಿಲ್ಲ. ಗೋಡೆ ಮುಟ್ಟಿಕೊಂಡು ಬಚ್ಚಲಿಗೆ, ಮಣಿ ಮುಟ್ಟಿಕೊಂಡು ಜಪಕ್ಕೆ. ಆದರೆ ಈಸ್ಟರಿನ ದಿನ ನೆಂಟರೆಲ್ಲ ಕೂತಿದ್ದ ಊಟದಲ್ಲಿ, ಬೀಟ್‌ರೂಟ್ ಎಂದುಕೊಂಡು ಉಪ್ಪಿನಕಾಯಿಯನ್ನು ಅನ್ನದ ಮೇಲೆ ಸೌಟು ತುಂಬ ಹಾಕಿಕೊಂಡರು. ಯಾರೋ, "ಅಯ್ಯೋ ಪಾಪ, ಅವರಿಗೆ ಯಾರಾದರೂ ಬಡಿಸಿಕೊಡಿ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮಾಂಯ್ ಆ ಅನ್ನವನ್ನು ಒಂದಗುಳೂ ಬಿಡದೆ ಉಂಡರು. ಮರುದಿನದಿಂದ ಮೇಜಿಗೆ ಬರಲಿಲ್ಲ.

"ನೀವೆಲ್ಲ ಊಟ ಮಾಡಿ. ನಾನು ಆಮೇಲೆ ಇಲ್ಲೇ ಮಾಡ್ತೇನೆ," ಎಂದು ಅಡುಗೆಮನೆಯ ಮೂಲೆಯ ಸ್ಟೂಲಿನಲ್ಲಿ ಕೂತುಬಿಡುವರು. ಇಷ್ಟು ವರ್ಷ ಎಲ್ಲರಿಗೂ ಬಡಿಸಿದವರಿಗೆ ಈಗ ಬಡಿಸಿಕೊಳ್ಳುವುದೆಂದರೆ ಅವಮಾನ. ಮಾಂವ್ ಮೇಜಿನಲ್ಲಿ ಒಬ್ಬರೇ ಕೂತು ಎರಡು ತುತ್ತು ಉಂಡು ಏಳುವರು. ಕಪಾಟಿನ ಕಡೆ ನೋಡುವುದನ್ನೂ ಬಿಟ್ಟರು. ಗುಜರಿಗೆ ಹೋಗದ ಮಾಂವ್ ಅವರನ್ನು ನೋಡುವುದು ನನಗೆ ಗುಜರಿಗೆ ಹೋಗುವ ಮಾಂವ್‌ಗಿಂತ ಕಷ್ಟವಾಯಿತು.

ಒಂದು ಮಧ್ಯಾಹ್ನ ಮೇಜು ಖಾಲಿ ಮಾಡಿ ಪಿಂಗಾಣಿ ಪಾತ್ರೆಗಳನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ನಾನು ಒಲೆಯ ಕಡೆ ತಿರುಗಿದ್ದೆ. ಬಾಗಿಲಲ್ಲಿ ಮಾಂವ್ ನೀರಿನ ಲೋಟ ಹಿಡಿದು ನಿಂತಿದ್ದರು. ಮಾಂಯ್ ಅವರ ಕೈ ಕಟ್ಟೆಯ ಮೇಲೆ ಹರಿದಾಡಿ ಆ ಮುಳ್ಳುಮುಳ್ಳು ಮೈಗೆ ತಾಗಿತು.

"ಇವತ್ತು ಹಾಗಲವಾ? ಬೆಲ್ಲ ಹಾಕಿದ್ದೀಯಲ್ವಾ?"

ಯಾರೂ ಹೇಳಿರಲಿಲ್ಲ. ಮುಚ್ಚಳ ತಾವೇ ತೆರೆದರು, ತಾವೇ ಬಡಿಸಿಕೊಂಡರು. ಬೆರಳು ಪಕ್ಕಕ್ಕೆ ಹೋಯಿತು, ಎಲೆಯ ಮಡಿಕೆ ಸಿಕ್ಕಿತು. "ಇದು ನಿನ್ನ ಮಾಂವ್ ಅವರ ಹೆಂಡತಿ," ಎಂದು ಕ್ಯಾಬೇಜನ್ನು ತೆರೆದರು. ನಾನು ಬಾಗಿಲ ಕಡೆ ನೋಡಿದೆ. ಮಾಂವ್ ಇರಲಿಲ್ಲ. ಲೋಟ ಮಾತ್ರ ಹೊಸ್ತಿಲ ಹತ್ತಿರ ನೆಲದ ಮೇಲಿತ್ತು.

ಸಂಜೆ ಅಂಗಳದಲ್ಲಿ ನನ್ನನ್ನು ಕರೆದು ಹೇಳಿದರು, "ಮೊಂತಿ ಹಬ್ಬಕ್ಕೆ ಅವಳು ಮೇಜಿಗೆ ಬರಬೇಕು ಬಾಯೆ."

"ಬರುವುದಿಲ್ಲ ಅಂತ ಈಗಲೇ ಹೇಳಿದ್ದಾರೆ ಮಾಂವ್."

"ಏಳು ತರಕಾರಿಗೆ ಏಳು ಪಾತ್ರೆ ಇಟ್ಟರೆ ಬರ್ತಾಳೆ. ಯಾರ ಹತ್ರವೂ ಕೇಳಬೇಕಾಗಿಲ್ಲ ಅಲ್ವಾ?"

ಮೊಂತಿ ಹಬ್ಬವೆಂದರೆ ಮರಿಯಮ್ಮನವರ ಹುಟ್ಟುಹಬ್ಬ, ನಮಗೆ ಹೊಸ ತೆನೆಯ ಹಬ್ಬ. ಆ ದಿನ ಮೀನು ಮಾಂಸ ಇಲ್ಲ. ತರಕಾರಿ ಮಾತ್ರ, ಅದೂ ಬೆಸ ಸಂಖ್ಯೆಯಲ್ಲಿ. ನಮ್ಮ ಮನೆಯ ಲೆಕ್ಕ ಏಳು. ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವುದೇ ಆ ಹಬ್ಬ. ಕ್ಯಾಬೇಜು, ಹಾಗಲ, ಸಿಹಿಗುಂಬಳ, ಸೌತೆ ಇದ್ದವು. ಆಸ್ಪರಾಗಸ್ಸಿಗೆ ನುಗ್ಗೆ. ಬಟಾಣಿಯ ಕೋಡಿಗೆ ಅಲಸಂಡೆ ಹಾಕಲು ಮಾಂವ್ ವಿಶೇಷ ಅನುಮತಿ ಕೊಟ್ಟರು. ಉಳಿದದ್ದು ಬೆಂಡೆ. ಬೆಂಡೆ ಇಲ್ಲದೆ ನಮ್ಮಲ್ಲಿ ಮೊಂತಿ ಹಬ್ಬ ಆಗುವುದಿಲ್ಲ. ಆದರೆ ಬೆಂಡೆಯ ಆಕಾರದ ಪಿಂಗಾಣಿ ಮಾಡಬೇಕೆಂದು ಈ ಭೂಮಿಯ ಮೇಲೆ ಯಾವ ಮಹಾರಾಯನಿಗಾದರೂ ತೋಚಿದ್ದುಂಟೆ?

ಉಡುಪಿಯ ಗುಜರಿಗಳೆಲ್ಲ ಮುಗಿದವು. ಕೊನೆಗೆ ಕಾಪುವಿನ ಹೆದ್ದಾರಿ ಬದಿಯ ಹಳೆ ಸಾಮಾನಿನ ಅಂಗಡಿಗೆ ನಾನೂ ಜೊತೆಗೆ ಹೋದೆ. ಮಾಂವ್ ಕಣ್ಣು ಮುಚ್ಚಿಕೊಂಡು ಒಂದೊಂದೇ ಪಾತ್ರೆಯನ್ನು ಸವರತೊಡಗಿದರು.

"ಪೊರ್ಬುಗಳೇ, ಕಣ್ಣು ಬಿಟ್ಟು ನೋಡಿ ಮಾರಾಯ್ರೆ. ಆಮೇಲೆ ಬಿರುಕು ಉಂಟು ಅಂತ ನನಗೆ ಹೇಳ್ಬೇಡಿ," ಎಂದ ಅಂಗಡಿಯವ. ಪೊರ್ಬು ಎಂದರೆ ನಮ್ಮ ಕಡೆ ಕ್ರೈಸ್ತ ಯಜಮಾನರನ್ನು ಕರೆಯುವ ರೀತಿ.

"ಬಿರುಕು ಇದ್ದರೆ ಇರಲಿ. ಕೈಗೆ ಎಂತ ಹೇಳ್ತದೆ ಅಂತ ನೋಡುವುದು."

"ಕೈಗೆ ಎಂತ ಹೇಳಿತು?"

"ಇನ್ನೂ ಎಂತದೂ ಇಲ್ಲ. ಬೆಂಡೆ ಉಂಟಾ?"

ಅಂಗಡಿಯವ ನನ್ನ ಹತ್ತಿರ ಬಂದು ಮೆಲ್ಲನೆ, "ಇವರಿಗೆ ಆರಾಮ ಉಂಟಲ್ಲ ಅಕ್ಕ?" ಎಂದು ಕೇಳಿದ. ವಿಷಯ ಹೇಳಿದೆ. ಅವನು ಒಳಗೆ ಹೋಗಿ ಬೈಹುಲ್ಲಿನಲ್ಲಿ ಸುತ್ತಿಟ್ಟಿದ್ದ ಪಾತ್ರೆಯೊಂದನ್ನು ತಂದ. ಉದ್ದನೆಯ ಹಸಿರು ಮೆಣಸು, ತುದಿ ಚೂಪು, ಮುಚ್ಚಳ ಸಹಿತ. ಎಲ್ಲಿಯೂ ಒಂದು ಚೂರು ಹಾರಿರಲಿಲ್ಲ. ಮಾಂವ್ ಅವರ ಬಳಿ ಇದ್ದ ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಚಂದದ್ದು. ಅವರು ಕಣ್ಣು ತೆರೆದು ತುಂಬ ಹೊತ್ತು ಅದನ್ನು ನೋಡಿದರು. ಮೈ ಎಣ್ಣೆ ಹಚ್ಚಿದಂತೆ ನುಣುಪು. ಬೆಂಡೆಗಿರುವ ಗೆರೆ ಇಲ್ಲ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಬಾವಿಕಟ್ಟೆಯ ಕಡೆಯಿಂದ ಕರಕರ ಶಬ್ದ. ಹೋಗಿ ನೋಡಿದರೆ ಮಾಂವ್ ಆ ಮೆಣಸನ್ನು ತೊಡೆಯ ಮೇಲಿಟ್ಟುಕೊಂಡು, ಟೈಲ್ಸ್ ಕೆಲಸದವರ ಹತ್ತಿರ ಕೇಳಿ ತಂದ ಉಜ್ಜುವ ಕಲ್ಲಿನಿಂದ ಉದ್ದಕ್ಕೆ ಗೆರೆ ಕೊರೆಯುತ್ತಿದ್ದರು. ನೀರು ಚಿಮುಕಿಸುವುದು, ಉಜ್ಜುವುದು, ಬೆರಳಿಟ್ಟು ನೋಡುವುದು. ಹಸಿರು ಬಣ್ಣ ಕೆತ್ತಿ ಹೋಗಿ ಕೆಳಗಿನ ಬಿಳಿ ಕಾಣುತ್ತಿತ್ತು. ನಾನು ಸದ್ದು ಮಾಡದೆ ಹಿಂದಿರುಗಿ ಬಂದೆ.

ಹಬ್ಬದ ದಿನ ಇಗರ್ಜಿಯಿಂದ ಆಶೀರ್ವಾದದ ತೆನೆ ಬಂತು. ನನ್ನ ಗಂಡನ ತಮ್ಮಂದಿರು, ಅವರ ಹೆಂಡಿರು, ಮಕ್ಕಳು ಎಲ್ಲ ಸೇರಿದರು. ಜಪ ಆಯಿತು. ಹೊಸ ಅಕ್ಕಿ ಹಾಕಿದ ಹಾಲನ್ನು ಹಿರಿಯರಿಂದ ಕಿರಿಯರವರೆಗೆ ಕುಡಿದದ್ದಾಯಿತು. ಎಲ್ಲರೂ ಮೇಜಿಗೆ ಕೂತಾಗ ಮಾಂಯ್ ಗೋಡೆ ಹಿಡಿದುಕೊಂಡು ಅಡುಗೆಮನೆಯ ಕಡೆ ತಿರುಗಿದರು.

ಮಾಂವ್ ಕರೆಯಲಿಲ್ಲ, ಬೇಡಿಕೊಳ್ಳಲಿಲ್ಲ. ಎದ್ದು ಹೋಗಿ ಅವರ ಕೈ ಹಿಡಿದು ತಂದು ಮೊದಲನೆಯ ಮುಚ್ಚಳದ ಮೇಲಿಟ್ಟರು. ಅಷ್ಟೇ.

ಮಾಂಯ್ ನಿಂತೇ ಇದ್ದರು. ಬೆರಳುಗಳು ನಿಧಾನಕ್ಕೆ ಹೊರಟವು. "ಹಾಗಲ," ಎಂದರು. ಮುಂದಕ್ಕೆ ಹೋಗಿ, "ಕುಂಬಳ. ಸೌತೆ. ಇದು ನುಗ್ಗೆಯ ಬೀಗರು." ಯಾರೋ ನಕ್ಕರು. "ಕ್ಯಾಬೇಜು. ಅಲಸಂಡೆ." ಏಳನೆಯದರ ಮೇಲೆ ಬೆರಳು ನಿಂತಿತು. ತುದಿಯವರೆಗೆ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು.

"ಬೆಂಡೆ," ಎಂದರು ಮಾಂವ್. ಅವರ ದನಿ ಸ್ವಲ್ಪ ಏರಿತ್ತು.

"ಬೆಂಡೆ ಅಲ್ಲ. ಮೆಣಸು ಇದು," ಎಂದರು ಮಾಂಯ್. "ಗೆರೆ ನೀವು ಎಳೆದದ್ದು. ಒಂದೂ ನೆಟ್ಟಗೆ ಇಲ್ಲ."

ಮಾಂವ್ ತಲೆ ತಗ್ಗಿಸಿ ತಮ್ಮ ಬೆರಳುಗಳನ್ನು ನೋಡಿಕೊಂಡರು. ಮಾಂಯ್ ಆ ಸೊಟ್ಟ ಗೆರೆಗಳ ಮೇಲೆ ಇನ್ನೊಮ್ಮೆ ಕೈಯಾಡಿಸಿದರು, ಒಂದು ಗೆರೆಯನ್ನೂ ಬಿಡದೆ.

"ನನ್ನ ಕುರ್ಚಿ ಎಲ್ಲಿ?" ಎಂದರು.