ಬೂಟು ಕಳೆಯದ ಮೊಲ

ನಗಿಸಬೇಕೆಂದು ನಾನು ಯಾವತ್ತೂ ಏನೂ ಮಾಡಿದವಳಲ್ಲ. ದಣಿದು ಸುಮ್ಮನೆ ಒಂದು ಕಡೆ ಕೂತರೂ ನಮ್ಮ ಮನೆಯಲ್ಲಿ ಅದು ಹೇಗೋ ನಗುವ ಮಾತಾಗಿಬಿಡುತ್ತದೆ.

ತಿಕೋಟಾ ಕಡೆಯ ಸಾಲಿಗಳಲ್ಲಿ ಮೂವತ್ತು ವರ್ಷ ಅಕ್ಷರ ಕಲಿಸಿ, ಈಗ ಜೋರಾಪುರ ಪೇಟೆಯ ಮನೆಯಲ್ಲಿ ಶಿವಪೂಜೆ ಮಾಡಿಕೊಂಡು ಇದ್ದೇನೆ. ಹೋದ ವರ್ಷ ಹಿತ್ತಲಲ್ಲಿ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳು ಮಡಚಲು ಬರಲಿಲ್ಲ, ಅಂಗೈ ನಡುಗುತ್ತಿತ್ತು. ದೀಕ್ಷೆಯಾದ ದಿನದಿಂದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಿದವಳು ನಾನು. ಈಗ ಇಟ್ಟರೆ ಓಲಾಡುತ್ತಿತ್ತು. ಒಂದು ಸಲ ಜಾರಿಯೇಬಿಟ್ಟಿತು. ಪಕ್ಕದಲ್ಲಿದ್ದ ಸೊಸೆ ಬೊಗಸೆಯಲ್ಲಿ ಹಿಡಿದಳು. ಅಂದಿನಿಂದ ನಾನು ಪೂಜೆಗೆ ಕೂತರೆ ಅವಳೂ ನನ್ನ ಕೈಕೆಳಗೆ ಬೊಗಸೆ ಒಡ್ಡಿ ಕೂಡುವಳು. ರೊಟ್ಟಿ ಬಡಿಯುವ ಹೊತ್ತು ಅದು. ಅವಳು ಬೇಸರಿಸಲಿಲ್ಲ, ನನಗೇ ನನ್ನ ಕೈ ಬೇಸರವಾಗಿತ್ತು.

ಡಾಕ್ಟರು ರಬ್ಬರ್ ಚೆಂಡು ಹಿಚುಕಲು ಹೇಳಿದ್ದರು. ಹಿಚುಕುತ್ತ ಹಿಚುಕುತ್ತ ನಿದ್ದೆ ಹತ್ತುತ್ತಿತ್ತು. ಅದನ್ನು ನೋಡಿ ಒಂಬತ್ತನೇ ಇಯತ್ತೆಯ ಮೊಮ್ಮಗಳು ತನ್ನ ವಿಡಿಯೋ ಗೇಮಿನ ರಿಮೋಟು ಕೈಗಿಟ್ಟಳು. "ಆಯಿ, ಎಡಗೈ ಹೆಬ್ಬೆಟ್ಟಲೆ ಟಿವ್ಯಾಗಿನ ಮೊಲಾನ ನಡಸು. ಚೆಂಡಿನ ಕೆಲಸಾ ಇದೂ ಮಾಡತೈತಿ."

೧. ಇಪ್ಪತ್ತು ಜನ್ಮ

ಟಿವಿಯಲ್ಲಿ ಗುಲಾಬಿ ಆಕಾಶ, ನೀಲಿ ಗಿಡ, ಗಾಳಿಯಲ್ಲಿ ತೇಲುವ ಹಸಿರು ದ್ವೀಪಗಳು. ಬಿಜ್ಜರಗಿಯ ಜೋಳದ ಹೊಲ ನೋಡಿ ಬೆಳೆದ ಕಣ್ಣಿಗೆ ಇಷ್ಟು ಬಣ್ಣ ಒಮ್ಮೆಲೇ ಕಂಡು ತಲೆ ತಿರುಗಿತು. ನಡುವೆ ಒಂದು ಮೊಲ: ಬೆನ್ನಿಗೆ ಚೀಲ, ಕಾಲಿಗೆ ಕೆಂಪು ಬೂಟು. ದ್ವೀಪದಿಂದ ದ್ವೀಪಕ್ಕೆ ಜಿಗಿದು ಕೊನೆ ಮುಟ್ಟಬೇಕು. ನಾನು ಹೆಬ್ಬೆಟ್ಟು ಒತ್ತಿದೆ. ಅದು ನೆಟ್ಟಗೆ ಅಂಚಿಗೆ ಹೋಗಿ ಬಿತ್ತು.

"ಸತ್ತನೇನ ಬೇ?"

"ಮತ್ತ ಹುಟ್ಟತಾನ ತಗೋ ಆಯಿ."

ಹುಟ್ಟಿದ. ಮತ್ತೆ ಬಿದ್ದ. ಒಂದು ತಾಸಿನಲ್ಲಿ ಇಪ್ಪತ್ತು ಸಲ. ಇನ್ನೊಂದು ಜನ್ಮ ಬೇಡಪ್ಪಾ ಎಂದು ದಿನಾ ಶಿವನಲ್ಲಿ ಬೇಡುವವಳು ನಾನು. ನನ್ನ ಹೆಬ್ಬೆಟ್ಟಿನ ದೆಸೆಯಿಂದ ಆ ಜೀವಕ್ಕೆ ಹೀಗಾಯಿತಲ್ಲ ಎಂದು ಮರುದಿನ ಅದರ ಹೆಸರಿಗೂ ಒಂದು ಬಿಲ್ವಪತ್ರೆ ಏರಿಸಿದೆ.

೨. ಏಡಿಗೆ ಹಾದಿ

ಮುಂದಿನ ದ್ವೀಪದಲ್ಲಿ ನೇರಳೆ ಬಣ್ಣದ ಏಡಿಯೊಂದು ಓಡಾಡುತ್ತಿತ್ತು. ತಾಗಿದರೆ ಮೊಲ ಸಾಯುತ್ತದೆ. ತಲೆಯ ಮೇಲೆ ಜಿಗಿದರೆ ಏಡಿ ಸಾಯುತ್ತದೆ.

"ಜಿಗಿ ಆಯಿ, ತುಳಿ ಅದನ್ನ."

"ಅದೇನ ಮಾಡೇತಿ ನಮಗ? ತನ್ನ ಪಾಡಿಗೆ ತಾ ಹೊಂಟೈತಿ."

ಅದು ದಾಟಿ ಹೋಗಲೆಂದು ಕಾದೆ. ಅದು ಬಂತು, ತಿರುಗಿತು, ಹೋಯಿತು, ಬಂತು. ಚಹಾ ಆರಿತು. ಪಕ್ಕದ ಮನೆಯ ಚಾಚಿ ಮಧ್ಯಾಹ್ನದ ನಮಾಜು ಮುಗಿಸಿ ಬಂದು ಕೂತವರು ಬಹಳ ಹೊತ್ತು ನೋಡಿ ಅಂದರು: "ಅಕ್ಕಾರ, ನೀವು ಅದನ್ನ ಕಾಯಾಕತ್ತೀರಿ, ಅದು ನಿಮ್ಮನ್ನ ಕಾಯಾಕತ್ತೈತ್ರಿ. ನಿಮ್ಮ ಮೊಲಾ ಅದರ ಹಾದ್ಯಾಗ ನಿಂತೈತಿ."

ಖರೆ ಅನ್ನಿಸಿತು. ಮೊಲವನ್ನು ಪಕ್ಕಕ್ಕೆ ಸರಿಸಿದೆ. ಪಕ್ಕದಲ್ಲಿ ನೆಲವಿರಲಿಲ್ಲ.

೩. ಬೂಟು

ಶಿವನ ದಯೆಯಿಂದ ಒಂದು ದಿನ ಕೊನೆಯ ದ್ವೀಪ ಮುಟ್ಟಿದೆ. ಅಲ್ಲಿ ಕಲ್ಲಿನ ಮೆಟ್ಟಿಲು, ಮೇಲೆ ಗೋಪುರ, ಬಾಗಿಲಲ್ಲಿ ಗಂಟೆ, ಪಕ್ಕದಲ್ಲಿ ಕೆರೆ. ಮೊಲವನ್ನು ಕೆಳಗೇ ನಿಲ್ಲಿಸಿದೆ.

"ಬೂಟು ಕಳಿಯೂ ಗುಂಡಿ ಯಾವುದವ್ವಾ?"

ಮೊಮ್ಮಗಳು ಹಣೆ ಹಿಡಿದುಕೊಂಡಳು. "ಬೂಟು ಕಳಿಯಾಕ ಬರೂದಿಲ್ಲ ಆಯಿ. ಸುಮ್ಮ ಒಳಗ ಹೋಗು, ಆಟ ಮುಗೀತೈತಿ."

ಒಂದೊಂದೇ ಗುಂಡಿ ಒತ್ತಿ ನೋಡಿದೆ. ಮೊಲ ಜಿಗಿಯಿತು, ಕುಕ್ಕರುಗಾಲಲ್ಲಿ ಕೂತಿತು, ಲಾಗ ಹಾಕಿತು. ಬೂಟು ಮಾತ್ರ ಕಳೆಯಲಿಲ್ಲ. ಚಾಚಿ ನನ್ನ ಪರವಾಗಿ ನಿಂತರು: "ಅಕ್ಕಾರ ಹೇಳೂದು ಖರೆ ಐತಿ. ದರ್ಗಾ ಇದ್ದರೂ ಬೂಟು ಹಾಕ್ಕೊಂಡು ಹೊಕ್ಕಾರೇನ?"

ಮೂರು ದಿನ ಆಟ ಆ ಮೆಟ್ಟಿಲ ಬಳಿಯೇ ನಿಂತಿತು. ಸಂಜೆಯಾದರೆ ನಾನೂ ಚಾಚಿಯೂ ಸುಸ್ತಾಗಿ ಅದನ್ನು ನೋಡುತ್ತ ಕೂಡುವುದು, ಅದು ನಮ್ಮನ್ನು ನೋಡುತ್ತ ನಿಲ್ಲುವುದು. ಕಡೆಗೆ ಸೊಸೆ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದಳು. "ಅತ್ತಿ, ಬಾಜೂಕ ಕೆರಿ ಐತಲ್ರಿ. ಬೂಟಿನ ಸಮೇತ ಕಾಲು ತೊಳಕೊಂಡು ಹೋಗಲಿ."

ಚಾಚಿಯ ಮುಖ ನೋಡಿದೆ. ಅವರು ತಲೆಯಾಡಿಸಿದರು. ಮೊಲವನ್ನು ಕೆರೆಗೆ ಇಳಿಸಿದೆ. ಅದಕ್ಕೆ ಈಜು ಬರುತ್ತಿರಲಿಲ್ಲ.

೪. ಸೋಮವಾರ

ಮತ್ತೆ ಮೊದಲಿಂದ. ಎಷ್ಟು ದಿನ ಎಂದು ಕೇಳಬೇಡಿ. ಹೆಬ್ಬೆಟ್ಟು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಆದರೆ ಬೆರಳು ಒಂದೊಂದಾಗಿ ಮಡಚತೊಡಗಿದ್ದನ್ನು ನಾನು ಯಾರಿಗೂ ಹೇಳದೆ ನೋಡುತ್ತಿದ್ದೆ.

ಒಂದು ಸೋಮವಾರ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಲಿಂಗವನ್ನು ಅಂಗೈಯಲ್ಲಿಟ್ಟೆ. ಕೆಳಗೆ ಸೊಸೆಯ ಬೊಗಸೆ. ಲಿಂಗ ಓಲಾಡಲಿಲ್ಲ. ಪತ್ರೆ ಏರಿಸಿದೆ, ಅಲುಗಲಿಲ್ಲ. ಕಣ್ಣು ತುಂಬಿ ಬಂದು ಮುಚ್ಚಿಕೊಂಡೆ. ಎಷ್ಟೋ ದಿನಗಳ ಮೇಲೆ ಅವನೂ ನಾನೂ ಮೊದಲಿನ ಹಾಗೆ ಕೂತಿದ್ದೆವು.

ಸೊಸೆ ನಗು ತಡೆಯುವ ಸದ್ದು ಕೇಳಿ ಕಣ್ಣು ಬಿಟ್ಟೆ. ಅಂಗೈ ಕಲ್ಲಿನಂತೆ ಗಟ್ಟಿಯಾಗಿತ್ತು. ಹೆಬ್ಬೆಟ್ಟು ಮಾತ್ರ ಲಿಂಗದ ಪಕ್ಕದಲ್ಲಿ ತಾನಾಗಿಯೇ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಆಡುತ್ತಿತ್ತು.

"ಅತ್ತಿ, ಕೈ ಗಟ್ಟಿ ಆಗೇತ್ರಿ, ಇನ್ನ ನಾ ರೊಟ್ಟಿಗೆ ಹೋಗತೀನಿ," ಎಂದು ಬೊಗಸೆ ಹಿಂತೆಗೆದಳು. "ಆದರ ಮೊಲಾನ ಕೆರಿ ಕಡೆ ಒಯ್ಯಬ್ಯಾಡ್ರಿ."

ತಪ್ಪಾಯಿತಪ್ಪಾ ಎಂದು ಶಿವನಿಗೆ ಕೈಮುಗಿಯಬೇಕೆಂದುಕೊಂಡೆ. ಅದಕ್ಕೆ ಎರಡು ಕೈ ಬೇಕು. ಒಂದರಲ್ಲಿ ಅವನೇ ಕೂತಿದ್ದ.