ನೀಲಿ ಕೋಟಿನ ಎರಡು ಸಾಲು ಗುಂಡಿ

ಯಾರ ಮನೆಗೆ ಹೋದರೂ ಒಣಹಾಕಿದ ಬಟ್ಟೆಯ ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುವ ಕೆಟ್ಟ ಚಟ ನನಗಿದೆ. ಓದಿದ್ದು ಮೂರನೆಯ ಕ್ಲಾಸು. ಆದರೆ ಮೈಸೂರಿನಲ್ಲಿ ಮೂವತ್ತು ವರ್ಷ ನಮ್ಮ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದಿದ್ದೇನೆ. ದೋಹಾದಲ್ಲಿರುವ ಮಗಳ ಮನೆಗೆ ಬಂದ ಮೇಲೆ ಹೊಲಿಯಲು ಏನೂ ಇರಲಿಲ್ಲ. ಅಲ್ ಮುಂತಜಾದ ಆ ಫ್ಲ್ಯಾಟಿನಲ್ಲಿ ಎ.ಸಿ.ಯ ಸದ್ದು ಕೇಳುತ್ತಾ ಕೂತಿದ್ದೆ. ಅದಕ್ಕೇ ಮೊಮ್ಮಗಳು ಸ್ಮಿತಾ ಶಾಲೆಯಿಂದ ಒಂದು ಪಟ ತಂದಾಗ ಮೊದಲು ಕೈ ಚಾಚಿದವಳು ನಾನೇ.

ಅದು ತೊಂಬತ್ತು ವರ್ಷದ ಹಿಂದಿನ ಅಮೆರಿಕದ ಸಿಪಾಯಿಗಳ ಪಟ. ಒಂದು ಕಡೆ ಹಬ್ಬಕ್ಕೆ ಹೊರಟವರಂತೆ ಕಡುನೀಲಿ ಕೋಟು, ಹಳದಿ ಅಂಚು, ಹೊಳೆಯುವ ಹಿತ್ತಾಳೆ ಗುಂಡಿ. ಇನ್ನೊಂದು ಕಡೆ ಮಣ್ಣಿನ ಬಣ್ಣದ ಹೊಸ ಬಟ್ಟೆ, ಗುಂಡಿಯೂ ಮಂಕು. ಶಾಲೆಯಲ್ಲಿ ಬಟ್ಟೆಯ ಚರಿತ್ರೆಯ ನಾಟಕವಂತೆ, ಇವಳ ಕ್ಲಾಸಿಗೆ ಇದು ಬಂದಿದೆ. ಇವಳು ನೀಲಿ ಸಿಪಾಯಿ. ಬಟ್ಟೆ ಪಟದಲ್ಲಿದ್ದ ಹಾಗೆ ಇರದವರು ಪರದೆಯ ಹಿಂದೆ ನಿಂತು ಹಾಡಬೇಕು ಎಂದು ಟೀಚರ್ ಹೇಳಿದ್ದಾರೆ. ಸ್ಮಿತಾಳ ಕಣ್ಣಲ್ಲಿ ಆಗಲೇ ನೀರು.

"ಇಷ್ಟು ಚೆಂದದ್ದು ಬಿಟ್ಟು ಮಣ್ಣಿನ ಬಣ್ಣ ಯಾಕೇ ಹಾಕಿದರು?" ಎಂದೆ.

"ವಾರ್‌ನಲ್ಲಿ ನೀಲಿ ದೂರದಿಂದ ಕಾಣತ್ತೆ ಅಜ್ಜಿ. ಶೂಟ್ ಮಾಡ್ತಾರೆ."

"ಅದು ತಿಳಿಯಲು ಎಷ್ಟು ಜನ ಸಾಯಬೇಕಾಯಿತು? ಈ ಕಾಲರು ಹಾಕಿಕೊಂಡು ಅನ್ನ ಹೇಗೆ ನುಂಗುತ್ತಿದ್ದರು? ಗುಂಡಿ ಯಾರು ತಿಕ್ಕುತ್ತಿದ್ದರು, ಅವರ ಹೆಂಡತಿಯರೋ?"

"ಅಜ್ಜಿ, ಪ್ಲೀಸ್. ಅದೆಲ್ಲ ಸಿಲಬಸ್ಸಿನಲ್ಲಿಲ್ಲ."

ಹತ್ತಿರದ ದೋಹಾ ಅಲ್ ಜದೀದಾ ಬಡಾವಣೆಯಲ್ಲಿ ಕಾಸರಗೋಡಿನ ಟೈಲರ್ ಒಬ್ಬನಿದ್ದ. ಅವನ ಅಂಗಡಿಗೆ ಹೋದರೆ ತಲೆಯನ್ನೇ ಎತ್ತಲಿಲ್ಲ. "ಈದ್ ಹತ್ತಿರ ಬಂತಲ್ಲ ಅಮ್ಮಾ, ಒಂದು ಗುಂಡಿ ಹಾಕ್ಲಿಕ್ಕೂ ಪುರುಸೊತ್ತಿಲ್ಲ. ಖಲಾಸ್," ಎಂದ. ನಾನೇ ಹೊಲಿಯುತ್ತೇನೆ ಎಂದು ಅವನ ಮುಖದೆದುರೇ ಹೇಳಿ, ಬಟ್ಟೆ, ಗುಂಡಿ ಕೊಂಡು ಬಂದೆ.

ನಾಲ್ಕು ದಿನದಲ್ಲಿ ಕೋಟು ಮುಗಿಯಿತು. ಕಾಲರಿನೊಳಗೆ ಕ್ಯಾಲೆಂಡರಿನ ರಟ್ಟು ಇಟ್ಟು ನಿಲ್ಲಿಸಿದ್ದೆ. ಮೆಸಯೀದಿನ ಕಾರ್ಖಾನೆಯ ಕಂಪನಿ ಬಸ್ಸಿನಿಂದ ಇಳಿದು ಬಂದ ಅಳಿಯ ಅದನ್ನು ನೋಡಿ ತನ್ನ ಅಂಗಿಯ ಮೇಲೆ ಕೈಯಾಡಿಸಿಕೊಂಡ. "ಅತ್ತೆ, ಬೇಜಾರು ಮಾಡ್ಕೋಬೇಡಿ. ಗಂಡಸರ ಕೋಟಿನಲ್ಲಿ ಎಡಗಡೆಯದು ಮೇಲೆ ಬರತ್ತೆ. ಇದು ಉಲ್ಟಾ ಆಗಿದೆ."

ಮೂವತ್ತು ವರ್ಷ ರವಿಕೆ ಕತ್ತರಿಸಿದ ಕೈ. ಬಲಗಡೆಯದನ್ನು ಅಗಲ ಬಿಟ್ಟು, ಎಡಗಡೆಯದನ್ನು ಕಿರಿದು ಮಾಡಿ, ಬಲಕ್ಕೆ ಗುಂಡಿ ತೂರಿಸುವ ಕಾಜಾ ಕತ್ತರಿಸಿ ಕೂತಿತ್ತು. ತಿರುಗಿಸಲು ಬಟ್ಟೆಯಿಲ್ಲ. ಗಂಡಸರಿಗೇಕೆ ಹಾಗೆ, ಹೆಂಗಸರಿಗೇಕೆ ಹೀಗೆ ಎಂದು ಅಳಿಯನನ್ನು ಕೇಳಿದೆ. ಎಂಜಿನಿಯರ್ ಆದರೂ ಅವನಿಗೆ ಗೊತ್ತಿರಲಿಲ್ಲ. ನಾಳೆ ಟೀಚರ್ ಬಟ್ಟೆ ನೋಡುತ್ತಾರೆ ಎಂದು ಸ್ಮಿತಾ ಮಂಚದ ಮೇಲೆ ಬೋರಲು ಬಿದ್ದಳು.

ಪಟವನ್ನು ಮತ್ತೆ ನೋಡಿದೆ. ಹಿಂದಿನ ಸಾಲಿನಲ್ಲಿ ಮೀಸೆಯವನೊಬ್ಬ ಎರಡು ಸಾಲು ಗುಂಡಿಯ ಕೋಟು ತೊಟ್ಟು ನಿಂತಿದ್ದ. ತಕ್ಷಣ ಕಾಜಾಗಳ ಮೇಲೆಯೇ ಗುಂಡಿ ಕೂರಿಸಿದೆ, ಆ ಕಡೆ ಇನ್ನೊಂದು ಸಾಲು ಹೊಲಿದೆ, ಒಳಗೆ ರವಿಕೆಯ ಹುಕ್ಕು ಹಾಕಿದೆ. ಕಡುನೀಲಿಯಲ್ಲಿ ಯಾವುದು ಯಾವುದರ ಮೇಲಿದೆಯೋ ಬ್ರಹ್ಮನಿಗೂ ತಿಳಿಯಬಾರದು.

ಮರುದಿನ ಸ್ಮಿತಾ ಓಡುತ್ತಾ ಬಂದಳು. ಎರಡು ಸಾಲು ಗುಂಡಿ ಆಫೀಸರಿಗೆ ಮಾತ್ರವಂತೆ. ಆಫೀಸರ್ ಆಗಬೇಕಿದ್ದ ಹುಡುಗಿಯ ಕೋಟು ಈದ್ ಮುಗಿಯುವವರೆಗೆ ಸಿಗುವುದಿಲ್ಲವಂತೆ. ಹಾಗಾಗಿ ಟೀಚರ್ ಇವಳನ್ನೇ ಆಫೀಸರ್ ಮಾಡಿದ್ದರು. ಆಫೀಸರ್ ಎರಡನೆಯ ದೃಶ್ಯಕ್ಕೂ ಬರುತ್ತಾನೆ, ಆದ್ದರಿಂದ ನಾಟಕವಿದ್ದ ಗುರುವಾರದೊಳಗೆ ಮಣ್ಣಿನ ಬಣ್ಣದ್ದೂ ಒಂದು ಹೊಲಿಯಬೇಕಾಯಿತು.

ಆ ಸಂಜೆ ಟೀಚರ್ ಫೋನ್ ಮಾಡಿದರು. ರಿಸೀವರ್ ಕೆಳಗಿಟ್ಟ ಮಗಳು ಊಟದ ಮೇಜಿಗೆ ಬಂದು, "ಅಮ್ಮಾ, ನೀನು ಹಿಸ್ಟರಿ ಚೆನ್ನಾಗಿ ಓದಿಕೊಂಡಿದೀಯ ಅಂತೆ. ಸಿಪಾಯಿಗೂ ಆಫೀಸರಿಗೂ ಇರೋ ವ್ಯತ್ಯಾಸ ಬೇರೆ ಯಾವ ಮನೆಯವರಿಗೂ ಗೊತ್ತಿರಲಿಲ್ಲವಂತೆ," ಎಂದಳು.

ಅಳಿಯ ಕೆಮ್ಮಿದ. ನಾನು ಅವನ ತಟ್ಟೆಗೆ ಇನ್ನೊಂದು ದೋಸೆ ಹಾಕಿ, ಅವನ ಬಾಯಿ ಖಾಲಿಯಾಗಿ ಮಾತು ಹೊರಡುವ ಮೊದಲೇ ಮತ್ತೊಂದನ್ನು ಕಾವಲಿಗೆ ಹುಯ್ದೆ.