ಸಜ್ಜೆಯ ಮೇಲೆ ಚಿತ್ರದ ಮೇಷ್ಟ್ರು

ಚಿತ್ರದ ಮೇಷ್ಟ್ರ ಮನೆಯ ಎ.ಸಿ. ಹೋದ ವಾರದಿಂದ ತಂಪು ಕೊಡುವುದನ್ನು ಬಿಟ್ಟು, ಒಂದು ಕೆಂಪು ಅಕ್ಷರವನ್ನೂ ಅದರ ಪಕ್ಕದಲ್ಲೊಂದು ಅಂಕಿಯನ್ನೂ ಮಿಣುಕಿಸುತ್ತ ಗೋಡೆಯ ಮೇಲೆ ಕೂತಿತ್ತು. ಮೆಕ್ಯಾನಿಕ್‌ಗೆ ಹೇಳುತ್ತೇನೆಂದು ಮೇಷ್ಟ್ರು ದಿನಾ ಹೆಂಡತಿಗೆ ಹೇಳಿದರು. ಮೆಕ್ಯಾನಿಕ್‌ಗೆ ಮಾತ್ರ ಹೇಳಲಿಲ್ಲ.

ಇವತ್ತು ಅತ್ತೆ ಆಸ್ಪತ್ರೆಯಿಂದ ಬರುವವರಿದ್ದರು. ಹೊಟ್ಟೆಯ ಆಪರೇಷನ್ ಆಗಿತ್ತು. ಹೊಲಿಗೆ ಬೆವರಿದರೆ ಕೀವಾಗುತ್ತದೆ, ಕೋಣೆ ತಣ್ಣಗಿರಲೇಬೇಕು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಬೆಳಿಗ್ಗೆ ಹೊರಡುವಾಗ ಹೆಂಡತಿ ಚಪ್ಪಲಿ ಮೆಟ್ಟುತ್ತಾ, "ಅಮ್ಮನ್ನ ಕರ್ಕೊಂಡು ಬರೋ ಹೊತ್ತಿಗೆ ರೂಮು ತಣ್ಣಗಿರ್ಲಿ" ಎಂದಿದ್ದಳು. ದನಿ ಏರಿಸಿರಲಿಲ್ಲ. ಮೇಷ್ಟ್ರು ಹೆದರಿದ್ದೇ ಅದಕ್ಕೆ.

ಮೆಕ್ಯಾನಿಕ್‌ಗೆ ಫೋನು ಹಚ್ಚಿದರೆ, ಊರಿನ ಎ.ಸಿ.ಗಳೆಲ್ಲ ಈ ಬಿಸಿಲಿಗೇ ಕೆಟ್ಟಿವೆ, ನಾಡಿದ್ದಿನ ತನಕ ಕೇಳಲೇಬೇಡಿ ಎಂದ. ಗೋಗರೆದ ಮೇಲೆ ಕೆಂಪು ಅಕ್ಷರದ ಅರ್ಥವನ್ನಷ್ಟು ಬಿಡಿಸಿ ಹೇಳಿದ. ಕಿಟಕಿಯಾಚೆಯ ಡಬ್ಬಿಯೊಳಗೆ ಮೆಣಸಿನ ಕಾಳಿನಷ್ಟು ದೊಡ್ಡ ಸೆನ್ಸರ್ ಒಂದಿದೆ. ತನಗೆಷ್ಟು ಬಿಸಿಯಾಗಿದೆ ಎಂದು ಮೆಷೀನಿಗೆ ಸುದ್ದಿ ಮುಟ್ಟಿಸುವುದೇ ಅದರ ಕೆಲಸ. ಸುದ್ದಿ ಬಾರದಿದ್ದರೆ ಮೆಷೀನು ಹೆದರಿ ಚಾಲೂ ಆಗುವುದೇ ಇಲ್ಲ. ಒಂದೋ ಸೆನ್ಸರ್ ಸತ್ತಿರಬೇಕು, ಇಲ್ಲವೇ ತಂತಿ ಕಡಿದಿರಬೇಕು.

ಮೇಷ್ಟ್ರು ಫೋನಿಡುವಷ್ಟರಲ್ಲಿ ಪಕ್ಕದ ಮನೆಯ ಕಂಡಕ್ಟರು ಬಾಗಿಲಲ್ಲಿದ್ದರು. ನೌಕರಿಯಿಂದ ನಿವೃತ್ತರಾದ ಮೇಲೆ, ಯಾರ ಮನೆಯ ವಿಷಯವಾದರೂ ಸರಿ, ಅವರು ಟಿಕೆಟ್ ಇಲ್ಲದೆ ಹತ್ತಿಬಿಡುತ್ತಿದ್ದರು. ಕೈಯಲ್ಲಿ ಆಗಲೇ ಕರೆಂಟು ನೋಡುವ ಮೀಟರು, ಸ್ಕ್ರೂ ಡ್ರೈವರು, ಟೇಪು ಇದ್ದವು.

"ನನಗೆ ಮಂಡಿ ನೋವು, ಇಲ್ದಿದ್ರೆ ನಾನೇ ಇಳೀತಿದ್ದೆ. ನೀವಿಳೀರಿ, ನಾನು ನಮ್ಮ ಕಿಟಕಿಯಿಂದ ಹೇಳ್ಕೊಡ್ತೀನಿ."

ಮೂರನೇ ಮಹಡಿ. ಕಿಟಕಿಯ ಕೆಳಗಿನ ಸಜ್ಜೆ ಒಂದು ಮೊಳವೂ ಅಗಲವಿರಲಿಲ್ಲ. ಮೇಷ್ಟ್ರು ಒಂದು ಕಾಲು ಇಟ್ಟರು, ಕೆಳಗೆ ನೋಡಿದರು, ನೋಡಬಾರದಿತ್ತು ಎನಿಸಿತು. ನಿಲ್ಲಿಸಿದ್ದ ಸ್ಕೂಟರುಗಳು ಬೆಂಕಿಪೊಟ್ಟಣದ ಹಾಗೆ ಕಂಡವು. ಗೋಡೆಗೆ ಹಲ್ಲಿಯಂತೆ ಅಂಟಿಕೊಂಡು ತೆವಳಿದರು. ಎರಡು ಮನೆಗಳ ನಡುವೆ ಧೂಳು ಹಿಡಿದ ಎರಡು ಡಬ್ಬಿಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು.

"ಮೊದಲನೇದು ಬಿಡಿ, ಈಚೇದಕ್ಕೆ ಬನ್ನಿ," ಕಂಡಕ್ಟರು ತಮ್ಮ ಕಿಟಕಿಯಿಂದ ಕೈ ಬೀಸಿದರು. "ಸ್ವಿಚ್ ಆರಿಸಿದೀನಿ, ಧೈರ್ಯವಾಗಿ ಕೈ ಹಾಕಿ."

ಮುಚ್ಚಳ ಬಿಚ್ಚಿದಾಗ ಒಳಗಿಂದ ಹಳೆಯ ಹಕ್ಕಿಗೂಡೊಂದು ಮಡಿಲಿಗೆ ಬಿತ್ತು. ಸೆನ್ಸರಿನ ಪ್ಲಗ್ಗು ಕಿತ್ತು ಮೀಟರಿನ ಕಡ್ಡಿಗಳನ್ನು ಮುಟ್ಟಿಸಿದರೆ ಅಂಕಿಯೇ ಬರಲಿಲ್ಲ. ಬೆರಳು ತಂತಿಯ ಗುಂಟ ಹೋಯಿತು. ತಾಮ್ರದ ಕೊಳವೆಯ ಹತ್ತಿರ ಇಲಿ ತನ್ನ ಸಹಿ ಹಾಕಿ ಹೋಗಿತ್ತು. ಮೇಷ್ಟ್ರು ಡಬ್ಬಿಯನ್ನು ಹೊತ್ತಿದ್ದ ಕಬ್ಬಿಣದ ಸಲಾಕೆಗೆ ಮೊಣಕೈ ಸಿಕ್ಕಿಸಿಕೊಂಡು, ಹಲ್ಲಿನಿಂದ ತಂತಿಯ ಸಿಪ್ಪೆ ಸುಲಿದು, ಹೊಸೆದು, ಟೇಪು ಸುತ್ತಿದರು. ಮತ್ತೆ ಮೀಟರು ಹಿಡಿದರೆ ಅಂಕಿ ಬಂತು. ಸೆನ್ಸರನ್ನು ಮುಷ್ಟಿಯೊಳಗೆ ಮುಚ್ಚಿದರೆ ಮೈಶಾಖಕ್ಕೆ ಅಂಕಿ, ಬಿಸಿಯಾದರೆ ಇಳಿಯಬೇಕೆಂದು ಕಂಡಕ್ಟರು ಹೇಳಿದ್ದ ಹಾಗೆಯೇ, ಮೆಲ್ಲಗೆ ಇಳಿಯತೊಡಗಿತು. ಜೀವವಿತ್ತು. ಮೇಷ್ಟ್ರಿಗೆ ತಮ್ಮ ಮಗುವಿನ ನಾಡಿ ಸಿಕ್ಕಷ್ಟು ಸಂತೋಷವಾಯಿತು.

"ನಾನು ಹೋಗಿ ಸ್ವಿಚ್ ಹಾಕ್ತೀನಿ" ಎಂದು ಕಂಡಕ್ಟರು ಮಾಯವಾದರು.

ಮೇಷ್ಟ್ರು ಮುದುಡಿ ಕೂತು ಕೊನೆಯ ಸ್ಕ್ರೂ ಬಿಗಿಯುವಾಗ ಫ್ಯಾನು ಗರ್ರೆಂದು ತಿರುಗಿತು. ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಅಷ್ಟು ಬಿಸಿಯಾದ ಗಾಳಿ ಅವರಿಗೆಂದೂ ಅಷ್ಟು ಹಿತವಾಗಿರಲಿಲ್ಲ. ಕೆಳಗೆ ಗೇಟಿನ ಬಳಿ ಟ್ಯಾಕ್ಸಿಯೊಂದು ಆಗಲೇ ಹಿಂದಕ್ಕೆ ತಿರುಗುತ್ತಿತ್ತು. ಬಂದರು. ಬರಲಿ.

ತೆವಳಿಕೊಂಡು ತಮ್ಮ ಕಿಟಕಿಗೆ ಬಂದರೆ ಅದು ಮುಚ್ಚಿತ್ತು. ಚಿಲಕ ಬಿದ್ದಿತ್ತು, ಪರದೆ ಎಳೆದಿತ್ತು. ಬಿಸಿಗಾಳಿ ಒಳಗೆ ನುಗ್ಗುತ್ತಿದೆಯೆಂದು ಹೆಂಡತಿಯೇ ಮುಚ್ಚಿದ್ದಾಳೆ ಎಂದು ಹೊಳೆಯುವುದಕ್ಕೆ ತಡವಾಗಲಿಲ್ಲ. ಗಾಜು ಬಡಿದರು, ಹೆಸರು ಹಿಡಿದು ಕೂಗಿದರು. ಫ್ಯಾನಿನ ಸದ್ದು ಕೂಗನ್ನೆಲ್ಲ ನುಂಗಿತು. ಮೊಬೈಲು ಒಳಗೆ ಮೇಜಿನ ಮೇಲಿತ್ತು. ಎದುರು ಮನೆಯ ಮಾಳಿಗೆಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸಿನತ್ತ ಕೈಯಾಡಿಸಿದರು. ಆಕೆ ನಗುತ್ತಾ ತಾನೂ ಕೈಯಾಡಿಸಿ ಬಕೆಟ್ಟು ಎತ್ತಿಕೊಂಡು ಹೋದಳು.

ಸಜ್ಜೆ ಕಾದ ಕಾವಲಿಯಾಗಿತ್ತು. ಕಣ್ಣು ಮಂಜಾಯಿತು. ಉಳಿದದ್ದು ಕಂಡಕ್ಟರ ಕಿಟಕಿಯೊಂದೇ. ಬಿಸಿಗಾಳಿಯ ಬಾಯ ಮುಂದೆಯೇ ಹಾದು ಹೋಗುವಾಗ ಎಡಗಾಲು ಜಾರಿತು. ಚಪ್ಪಲಿ ಕಳಚಿ ಕೆಳಗೆ ಹೋಯಿತು, ಅದು ನೆಲಕ್ಕೆ ಬಿದ್ದ ಸದ್ದು ಕೇಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಮೇಷ್ಟ್ರು ಸಲಾಕೆಯನ್ನು ತಬ್ಬಿ, ಉಸಿರು ಹಿಡಿದು, ಕಡೆಗೂ ಆ ಗಾಜನ್ನು ಮುಷ್ಟಿಯಿಂದ ಗುದ್ದಿದರು.

ಕಂಡಕ್ಟರು ಕಿಟಕಿ ತೆರೆದರು. ಮೇಷ್ಟ್ರು ಒದ್ದೆ ಮೂಟೆಯ ಹಾಗೆ ಒಳಗೆ ಉರುಳಿದರು. ಒಳಗೆ ಹಿತವಾದ ತಂಪು. ಗೋಡೆಯ ಮೇಲೆ ಕಂಡಕ್ಟರ ಎ.ಸಿ. ಗಾಳಿ ಬೀಸುತ್ತಿತ್ತು, ಅದರ ಕೆಳಗೆ ಮಂಚದ ಮೇಲೆ ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು, ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಅವಳ ಕಣ್ಣು ಗಂಡನ ಮಸಿ ಮುಖದಿಂದ ಬರಿಗಾಲಿಗೆ ಇಳಿಯಿತು.

"ನಮ್ಮ ರೂಮು ಒಲೆ ಥರ ಕಾದಿದೆ, ಎ.ಸಿ.ನಲ್ಲಿ ಅದೇ ಕೆಂಪಕ್ಷರ," ಎಂದಳು. "ಇವರು ಕರೆದು ಜಾಗ ಕೊಟ್ರು. ನೀವೆಲ್ಲಿ ಹೋಗಿದ್ರಿ?"

ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ ಕಣ್ಣು ಬಿಟ್ಟರು.

"ಹೋದ ವರ್ಷದಿಂದ ಕೆಟ್ಟು ಕೂತಿದ್ದ ಮೆಷೀನಂತೆ ಕಣಪ್ಪಾ. ನನಗೋಸ್ಕರ ಈ ವಯಸ್ಸಲ್ಲಿ, ಆ ಮಂಡಿ ನೋವಲ್ಲಿ, ಇವರು ಇವತ್ತು ತಾವೇ ರಿಪೇರಿ ಮಾಡಿದ್ರಂತೆ."

ಮೇಷ್ಟ್ರು ಕಂಡಕ್ಟರನ್ನು ನೋಡಿದರು. ಕಂಡಕ್ಟರು ರಿಮೋಟನ್ನು ನೋಡುತ್ತಿದ್ದರು. ಅದರ ಗುಂಡಿ ಒತ್ತಿ ತಂಪನ್ನು ಇನ್ನಷ್ಟು ಏರಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು:

"ಮೇಷ್ಟ್ರು ಯೋಚನೆ ಮಾಡೋದು ಬೇಡ. ನಾಳೆ ಅವರದ್ದನ್ನೂ ನಾನೇ ನೋಡ್ಕೊಡ್ತೀನಿ. ಅವರು ಸುಮ್ನೆ ಸಜ್ಜೆ ಮೇಲೆ ನನ್ನ ಜೊತೆಗಿದ್ರೆ ಸಾಕು."